ಪಾಠದ ವೆಚ್ಚ ಯಾರ ಪಾಲಿನದು?

ನಮ್ಮ ಹಿರಿಯರು ಅಕ್ಷರ ಕಲಿತದ್ದು ಕೂಲಿಮಠಗಳಲ್ಲಿ. ಊರಿನ ಯಾವುದೋ ಜಗಲಿಯೇ ಶಾಲೆ, ಮರಳೇ ಹಲಗೆ. ಐಗಳಿಗೆ ಸಲ್ಲುತ್ತಿದ್ದುದು ಮಕ್ಕಳು ತಂದ ದವಸಧಾನ್ಯ. ಈ ಏರ್ಪಾಟಿನ ಸೊಗಸನ್ನು ನೆನೆಯುವವರು ಅದರ ಇನ್ನೊಂದು ಮುಖವನ್ನೂ ನೆನೆಯಬೇಕು. ಕಾಳು ಕೊಡಲಾರದ ಮನೆಯ ಮಗುವಿಗೆ ಆ ಮರಳಿನ ಮೇಲೆ ಬೆರಳಾಡಿಸುವ ಭಾಗ್ಯ ಸುಲಭವಾಗಿರಲಿಲ್ಲ. ವಿದ್ಯೆಯ ವೆಚ್ಚವನ್ನು ಮನೆ ಹೊರಬೇಕೆ, ನಾಡು ಹೊರಬೇಕೆ ಎಂಬ ಪ್ರಶ್ನೆ ಅಷ್ಟು ಹಳೆಯದು.

1854ರ ವುಡ್ ನಿರೂಪವು ಶಾಲೆಗಳಿಗೆ ಸರ್ಕಾರದ ಸಹಾಯಧನ ಸಲ್ಲುವ ಪದ್ಧತಿಯನ್ನು ತಂದಿತು. ಶುಲ್ಕ ಮಾತ್ರ ಉಳಿಯಿತು. 1911ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದರು. ತಿಂಗಳಿಗೆ 10 ರೂಪಾಯಿಗಿಂತ ಕಡಿಮೆ ವರಮಾನವುಳ್ಳವರಿಂದ ಶುಲ್ಕ ಪಡೆಯಕೂಡದೆಂಬುದು ಅದರ ಆಶಯಗಳಲ್ಲೊಂದು. 1912ರ ಮಾರ್ಚಿಯಲ್ಲಿ ಅದರ ಪರವಾಗಿ ಬಂದ ಮತಗಳು 13, ವಿರುದ್ಧವಾಗಿ 38. ಆದರೆ ಅಲ್ಲಿ ಸೋತ ವಿಚಾರವು ಮರುವರ್ಷವೇ ಮೈಸೂರಿನಲ್ಲಿ ಚಿಗುರಿತು. 1913ರ ಶಾಸನದಿಂದ ಸಂಸ್ಥಾನದ ಆಯ್ದ ಸ್ಥಳಗಳಲ್ಲಿ ಶಿಕ್ಷಣ ಕಡ್ಡಾಯವಾಯಿತು.

ಇನ್ನು ಯಂತ್ರದ ಮಾತು. ಪಾಠವು ದೂರದಿಂದ ಹಾರಿಬರುವುದು ನಮಗೆ ಹೊಸತಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ, ಅಮೆರಿಕದಿಂದ ಕಡ ತಂದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ತಲುಪಿದವು. ನಮ್ಮ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಪೆಟ್ಟಿಗೆ ಸರ್ಕಾರದ್ದು, ನೋಡುವವರು ಊರಿನವರೆಲ್ಲ. ವರ್ಷ ತುಂಬಿತು, ಉಪಗ್ರಹ ಹಿಂದಿರುಗಿತು. ಮಾರನೆಯ ಬೆಳಗ್ಗೆ ಮಕ್ಕಳಿಗೆ ಉಳಿದದ್ದು ಅದೇ ಶಾಲೆ, ಅದೇ ಮೇಷ್ಟರು.

2020ರಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ಪಾಠವು ಮೊಬೈಲಿಗೆ ಬಂತು. ಉಪಕಾರವೇ ಸರಿ. ಆದರೆ ಈ ಬಾರಿ ಪೆಟ್ಟಿಗೆ ಊರಿನದಾಗಿರಲಿಲ್ಲ, ಮನೆಯದಾಗಿತ್ತು. ಕೊಠಡಿಯ ಬಾಡಿಗೆಯಂತೆ ಇಂಟರ್ನೆಟ್ಟಿನ ಹಣವೂ ತಂದೆಯ ಕೂಲಿಯಿಂದಲೇ ಹೋಗಬೇಕು; ಆತ ಕೆಲಸಕ್ಕೆ ಹೊರಟರೆ ಶಾಲೆಯೂ ಆತನ ಜೇಬಿನಲ್ಲಿ ಹೊರಟುಹೋಗುವುದು! ಕೂಲಿಮಠದ ಕಾಳು ಹೊಸ ವೇಷದಲ್ಲಿ ಮರಳಿ ಬಂದಿತ್ತು. ಆಗ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. 'ವಿದ್ಯಾಗಮ' ಯೋಜನೆಯಲ್ಲಿ ಸರ್ಕಾರಿ ಶಾಲೆಯ ಉಪಾಧ್ಯಾಯರು ಮಕ್ಕಳಿದ್ದೆಡೆಗೇ ನಡೆದು, ಗುಡಿಯ ಜಗಲಿಯಲ್ಲಿ, ಮರದ ನೆರಳಲ್ಲಿ ಪಾಠ ಹೇಳಿದರು. ಆ ಉಪಾಧ್ಯಾಯರ ಸಂಬಳ ಸಾರ್ವಜನಿಕ ಹಣವಾದುದರಿಂದಲೇ ಮಗುವಿನ ಕೈಯಲ್ಲಿ ಮೊಬೈಲಿದೆಯೇ ಎಂದು ಕೇಳಬೇಕಾಗಲಿಲ್ಲ.

ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನನ್ನ ಈ ಮಾತೂ ಯಂತ್ರದ ಮೂಲಕವೇ ತಮ್ಮನ್ನು ತಲುಪುತ್ತಿದೆ. ಯಂತ್ರವು ಶಾಲೆಗೆ ನೆರವಾಗಲಿ, ಶಾಲೆಯ ವೆಚ್ಚ ತಪ್ಪಿಸಿಕೊಳ್ಳಲು ನೆವವಾಗದಿರಲಿ. ರಾಷ್ಟ್ರೀಯ ವರಮಾನದ ಶೇಕಡಾ 6ರಷ್ಟನ್ನು ಶಿಕ್ಷಣಕ್ಕೆ ಮೀಸಲಿಡಬೇಕೆಂದು ಕೊಠಾರಿ ಆಯೋಗ 1966ರಲ್ಲಿ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮತ್ತೆ ಅದೇ 6ರ ಗುರಿಯನ್ನು ಬರೆಯಿತು. ನಡುವೆ ಐವತ್ತನಾಲ್ಕು ವರ್ಷಗಳು ಸಂದಿವೆ. ಉಪಗ್ರಹಗಳು ನಮ್ಮವೇ ಆಗಿವೆ; ಆ ಆರು ಮಾತ್ರ ಇನ್ನೂ ನಮ್ಮದಾಗಿಲ್ಲ.