ಕಾರ್ನ್ ಸ್ನೇಕ್: ಗೂಡೊಂದಕ್ಕೆ ಹಾವೊಂದೇ

ಅಮೆರಿಕದ ಆಗ್ನೇಯ ಭಾಗದ ವಿಷರಹಿತ ಹಾವಾದ ಕಾರ್ನ್ ಸ್ನೇಕನ್ನು ಸಾಕುವವರು ಗೂಡೊಂದರಲ್ಲಿ ಒಂದನ್ನೇ ಇರಿಸುವುದು ಯುಕ್ತ. ಅದು ಒಂಟಿಯಾಗಿ ಬಾಳುವ ಜೀವಿ. ಒಟ್ಟಿಗಿರಿಸಿದರೆ ಬೆಚ್ಚನೆಯ ಜಾಗಕ್ಕೂ ಅಡಗುತಾಣಕ್ಕೂ ಪೈಪೋಟಿಯುಂಟಾಗಿ ದುರ್ಬಲವಾದುದು ಆಹಾರ ಬಿಡಬಹುದು, ರೋಗ ಹರಡಬಹುದು; ವಿರಳವಾಗಿ ಒಂದು ಇನ್ನೊಂದನ್ನು ನುಂಗುವುದೂ ಉಂಟು. ಜೊತೆಯಾಗಿ ಸುರುಳಿ ಸುತ್ತಿ ಮಲಗುವುದು ಸ್ನೇಹದ ಕುರುಹಲ್ಲ.

ಇಂತಹ ತಪ್ಪು ಗ್ರಹಿಕೆ ನಮ್ಮಲ್ಲಿಯೂ ಇದೆ. ಮುಳ್ಳೇರಿಯ ಪರಿಸರದ ತೋಟಗಳಲ್ಲಿ ಹೆಣೆದುಕೊಂಡು ಮೇಲೇಳುವ ಹಾವುಗಳನ್ನು ‘ನಾಗರ–ಕೇರೆಯ ಮಿಲನ’ವೆನ್ನುತ್ತಾರೆ, ವಾಸ್ತವದಲ್ಲಿ ಅದು ಎರಡು ಗಂಡು ಕೇರೆಗಳ ಸೆಣಸಾಟ. ಇಲಿ ತಿಂದು ಕೃಷಿಕರಿಗೆ ನೆರವಾಗುವ ಕೇರೆಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಮನೆಯೊಳಗೆ ಹಾವು ಬಂದರೆ ಮಕ್ಕಳನ್ನು ದೂರವಿರಿಸಿ, ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್ ಮೂಲಕ ತರಬೇತಿ ಪಡೆದ ರಕ್ಷಕರನ್ನು ಕರೆಯಿರಿ.