ಕಲ್ಲುಹೂವಿನ ಮೂರನೇ ಪಾಲುದಾರ

ಕಾಫಿ ತೋಟದ ಹಳೇ ನೆರಳು ಮರಗಳಲ್ಲಿ ಮುದುಕರ ಗಡ್ಡದ ಹಾಗೆ ಜೋತಾಡೋ ಬೂದುಹಸಿರು ಎಳೆಗಳನ್ನ ನೀವೆಲ್ಲ ನೋಡಿರ್ತೀರಿ. ಮಸಾಲೆಗೆ ಹಾಕೋ ಕಲ್ಲುಹೂವು, ಅಂದ್ರೆ ಲೈಕೆನ್, ಅದೇ ಬಳಗದ್ದು ಇದು. ಇವತ್ತು ಬರೀತಿರೋದು ಇದರ ದೂರದ ನೆಂಟರಿಬ್ಬರ ಕಥೆ.

ಇಬ್ಬರ ಊರೂ ಉತ್ತರ ಅಮೆರಿಕದ ಪಶ್ಚಿಮ ಭಾಗ, ಮೊಂಟಾನಾ ಕಡೆಯ ಕಾಡು. ಒಂದರ ಹೆಸರು ಬ್ರಯೋರಿಯಾ ಫ್ರೆಮಾಂಟಿ, ಕುದುರೆ ಬಾಲದ ಕೂದಲಿನಂಥ ಕಂದು ಎಳೆ. ಇನ್ನೊಂದು ಬ್ರಯೋರಿಯಾ ಟಾರ್ಚುಯೋಸಾ. ರೂಪ ಅದೇ, ಬಣ್ಣದಲ್ಲಿ ಮಾತ್ರ ಹಳದಿ ಛಾಯೆ. ಆ ಹಳದಿ ವಲ್ಪಿನಿಕ್ ಆಮ್ಲದ್ದು. ಅದು ವಿಷ.

ಅಲ್ಲಿನ ಸೇಲಿಶ್ ಮೂಲನಿವಾಸಿಗಳಿಗೆ ಕಂದು ಗಡ್ಡ ಊಟದ ವಸ್ತು. ಉದ್ದ ಕೋಲಿನಿಂದ ಎಳೆದು, ನೆನೆಸಿ ತೊಳೆದು, ಕಾದ ಕಲ್ಲಿನ ಗುಂಡಿಯಲ್ಲಿ ಮುಚ್ಚಿ ಬೇಯಿಸೋರು. ಕೀಳೋ ಮುಂಚೆ ಚೂರು ಬಾಯಿಗಿಟ್ಟು ಕಹಿ ಇದೆಯಾ ಅಂತ ನೋಡೋರು.

ವಿಜ್ಞಾನದ ದಾರಿ ಬೇರೆ. 1867ರಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್, ಲೈಕೆನ್ ಒಂದು ಗಿಡವೇ ಅಲ್ಲ, ಶಿಲೀಂಧ್ರ ಮತ್ತು ಪಾಚಿ ಸೇರಿ ಮಾಡಿದ ಸಂಸಾರ ಅಂದರು. ಮನೆ ಶಿಲೀಂಧ್ರದ್ದು, ಬಿಸಿಲಲ್ಲಿ ಅಡುಗೆ ಪಾಚಿಯದ್ದು. ಆ ಕಾಲದ ದೊಡ್ಡ ಪಂಡಿತರು ಒಪ್ಪಲಿಲ್ಲ. ಆಮೇಲೆ ಅದೇ ಪಾಠವಾಯ್ತು: ಲೈಕೆನ್ ಅಂದ್ರೆ ಇಬ್ಬರು.

ಆ ಲೆಕ್ಕ ಹಿಡಿದು 2009ರಲ್ಲಿ ಡಿಎನ್‌ಎ ನೋಡಿದಾಗ ಎರಡು ಗಡ್ಡಗಳ ಶಿಲೀಂಧ್ರವೂ ಒಂದೇ, ಪಾಚಿಯೂ ಒಂದೇ ಅಂತ ಬಂತು. ಹಾಗಾದ್ರೆ ಎರಡೂ ಒಂದೇ ಜಾತಿ. ಮತ್ತೆ ಒಂದು ಊಟ, ಒಂದು ವಿಷ ಹೇಗೆ?

ಮೊಂಟಾನಾದಲ್ಲೇ ಬೆಳೆದ ಟೋಬಿ ಸ್ಪ್ರಿಬಿಲ್ಲೆ ಇದನ್ನ ಬಿಡಲಿಲ್ಲ. ಗೊತ್ತಿದ್ದ ಇಬ್ಬರೊಳಗೇ ಹುಡುಕಿದಾಗ ವ್ಯತ್ಯಾಸ ಸಿಗಲಿಲ್ಲ. ಬೇರೆ ಯಾರಾದ್ರೂ ಇದ್ದಾರಾ ಅಂತ ಬಲೆ ಅಗಲ ಮಾಡಿದಾಗ ಹೊರಪದರದಲ್ಲಿ ಮೂರನೆಯವನು ಸಿಕ್ಕ, ಒಂದು ಯೀಸ್ಟ್. ಹಳದಿ ಗಡ್ಡದಲ್ಲಿ ಅದು ಜಾಸ್ತಿ, ಕಂದು ಗಡ್ಡದಲ್ಲಿ ಕಮ್ಮಿ. 2016ರಲ್ಲಿ ಇದು ಪ್ರಕಟವಾಯ್ತು. ವಿಷ ಯೀಸ್ಟೇ ಮಾಡುತ್ತೆ ಅಂತ ಇದರಿಂದ ಸಾಬೀತಾಗಲ್ಲ, ಎರಡೂ ಒಟ್ಟಿಗೆ ಹೆಚ್ಚುತ್ತವೆ ಅನ್ನೋದಷ್ಟೇ ಗಟ್ಟಿ. 2019ರಲ್ಲಿ 339 ಜಾತಿ ಲೈಕೆನ್ ಪರೀಕ್ಷಿಸಿದಾಗ ಇಂಥ ಯೀಸ್ಟ್ ಎಲ್ಲದರಲ್ಲೂ ಇಲ್ಲ ಅಂತಲೂ ಗೊತ್ತಾಯ್ತು.

ನಮಗಿದರಲ್ಲಿ ಏನಿದೆ ಅಂದ್ರೆ, ಸುಮಾರು 150 ವರ್ಷ ಪುಸ್ತಕದ ಲೆಕ್ಕದಲ್ಲಿ ಎರಡೇ ಸಾಲು ಇತ್ತು, ಮೂರನೆಯದನ್ನ ಯಾರೂ ಹುಡುಕಲಿಲ್ಲ. ಕೋಲು ಹಿಡಿದವರ ನಾಲಿಗೆಗೆ ಮಾತ್ರ ವ್ಯತ್ಯಾಸ ಮೊದಲೇ ಗೊತ್ತಿತ್ತು. ಒಂದೇ ತಳಿ, ಒಂದೇ ಗೊಬ್ಬರ ಹಾಕಿದ್ರೂ ಈ ಸಾಲು ಬೇರೆ ಥರ ಇದೆ ಅಂತ ಕೆಲಸದೋರು ಹೇಳಿದ್ರೆ ತಳ್ಳಿಹಾಕಬೇಡಿ, ಹೋಗಿ ನೋಡಿ.

ಇನ್ನೊಂದು ಮಾತು. ಅಡಿಕೆ ಮರದ ಮೇಲಿನ ಲೈಕೆನ್ ರೋಗ ಅಂತ ಕೆರೆಯೋಕೆ ಹೋಗಬೇಡಿ. ಅದು ಮರದ ರಸ ಹೀರಲ್ಲ, ಕೂರೋಕೆ ಜಾಗ ಕೇಳುತ್ತೆ ಅಷ್ಟೇ.