ಕಾವಾ ಬಟ್ಟಲಿನ ಸುತ್ತ

ಶಾಂತಸಾಗರದ ದಕ್ಷಿಣ ಭಾಗದಲ್ಲಿ, ನ್ಯೂಜಿಲೆಂಡಿಗೆ ಈಶಾನ್ಯ ದಿಕ್ಕಿನಲ್ಲಿ, ಟೋಂಗಾ ಎಂಬ ಪುಟ್ಟ ರಾಜ್ಯವಿದೆ. ದ್ವೀಪಗಳು ಸುಮಾರು 170. ಜನಸಂಖ್ಯೆ ಒಂದು ಲಕ್ಷದ ಆಸುಪಾಸು. 2008ರಲ್ಲಿ ಅಲ್ಲಿನ ದೊರೆ ಐದನೆಯ ಜಾರ್ಜ್ ಟುಪೊ ಅವರಿಗೆ ಎರಡು ಬಾರಿ ಪಟ್ಟಾಭಿಷೇಕವಾಯಿತೆಂದೇ ಹೇಳಬಹುದು. ಆಗಸ್ಟ್ 1ರಂದು ಚರ್ಚಿನಲ್ಲಿ ಚಿನ್ನದ ಕಿರೀಟ ತೊಡಿಸಿದರು. ಪತ್ರಿಕೆಗಳ ತುಂಬ ಬಂದದ್ದು ಆ ಚಿತ್ರ. ಅದಕ್ಕೂ ಮೊದಲೇ, ಜುಲೈ 30ರಂದು, ಅರಮನೆಯ ಬಳಿಯ ಬಯಲಿನಲ್ಲಿ ನಾಡಿನ ಮುಖಂಡರೆಲ್ಲ ಚಾಪೆ ಸುತ್ತಿಕೊಂಡು ನೆಲದ ಮೇಲೆ ವರ್ತುಲವಾಗಿ ಕುಳಿತರು. ಅಲ್ಲಿ ದೊರೆಗೆ ಸಂದದ್ದು ತೆಂಗಿನ ಚಿಪ್ಪಿನಲ್ಲಿ ಒಂದಿಷ್ಟು ಕಾವಾ. ಹಳೆಯ ಸಂಪ್ರದಾಯದ ಕಣ್ಣಿನಲ್ಲಿ ನಿಜವಾದ ಪಟ್ಟಾಭಿಷೇಕ ಅದೇ.

ಕಾವಾ ಎಂಬುದು ಒಂದು ಗಿಡದ ಬೇರಿನಿಂದ ಮಾಡುವ ಪಾನೀಯ. ನಮ್ಮ ವೀಳ್ಯದೆಲೆಗೂ ಕರಿಮೆಣಸಿಗೂ ಆ ಗಿಡ ದಾಯಾದಿ. ಮೂರೂ ಒಂದೇ ಕುಲಕ್ಕೆ ಸೇರಿದವು. ಕಾವಾ ಗಿಡ ಬೀಜ ಕಟ್ಟುವುದಿಲ್ಲ. ಕಾಂಡವನ್ನು ತುಂಡುಮಾಡಿ ಮನುಷ್ಯನೇ ನೆಡಬೇಕು. ಹಾಗಾಗಿ ಅದು ದ್ವೀಪದಿಂದ ದ್ವೀಪಕ್ಕೆ ಹೋದದ್ದೆಲ್ಲ ದೋಣಿಯಲ್ಲಿ, ಜನರ ಜೊತೆಯಲ್ಲಿಯೇ. ಬೇರನ್ನು ಜಜ್ಜಿ, ನೀರಿನಲ್ಲಿ ಕದಡಿ, ಮರದ ನಾರಿನಿಂದ ಸೋಸಿದರೆ ಕೆಸರುನೀರಿನ ಬಣ್ಣದ ದ್ರವ ಸಿದ್ಧವಾಗುತ್ತದೆ. ಅದು ಹುಳಿಯೇರಿಸಿದ ಮದ್ಯವಲ್ಲ. ರುಚಿ ಕಹಿ; ಕುಡಿದರೆ ನಾಲಿಗೆ ತುಸು ಮರಗಟ್ಟುತ್ತದೆ, ಮನಸ್ಸು ಶಾಂತವಾಗುತ್ತದೆ. ಹಿಂದಿನ ಕಾಲದಲ್ಲಿ ಬೇರನ್ನು ಜಜ್ಜುತ್ತಿರಲಿಲ್ಲ, ಬಾಯಿಯಲ್ಲಿ ಅಗಿದು ಬಟ್ಟಲಿಗೆ ಹಾಕುತ್ತಿದ್ದರು. 1773ರಲ್ಲಿ ಕ್ಯಾಪ್ಟನ್ ಕುಕ್ ಇಲ್ಲಿಗೆ ಬಂದಾಗ ಈ ತಯಾರಿಯನ್ನು ಕಂಡ ಅವನ ಸಂಗಡಿಗರಿಗೆ ಬಾಯಾರಿಕೆಯೇ ಹಾರಿಹೋಯಿತಂತೆ. ರುಚಿ ನೋಡಿದವನು ಕುಕ್ ಒಬ್ಬನೇ. ಅತಿಥಿಯಾದವನ ಕಷ್ಟ ಅಷ್ಟಿಷ್ಟಲ್ಲ!

ಆದರೆ ಇಲ್ಲಿ ಪಾನೀಯಕ್ಕಿಂತ ಮುಖ್ಯವಾದದ್ದು ಕೂರುವ ಕ್ರಮ. ವರ್ತುಲದ ತಲೆಯಲ್ಲಿ ದೊರೆ. ಅವನ ಎರಡು ಪಕ್ಕಗಳಲ್ಲಿ ಮಾಟಾಪುಲೆ ಎಂಬ ವಕ್ತಾರರು. ಅವರ ಆಚೆ ಬಿರುದಿಗೆ ತಕ್ಕಂತೆ ಒಬ್ಬೊಬ್ಬ ಮುಖಂಡನಿಗೂ ಅವನವನ ಜಾಗ. ದೊರೆಗೆ ನೇರ ಎದುರಾಗಿ, ಬಲು ದೂರದಲ್ಲಿ, ಮರದ ಬಟ್ಟಲು. ಕಲಸುವವನು ತನ್ನಿಷ್ಟದಂತೆ ಕೈಯಾಡಿಸುವಂತಿಲ್ಲ. ಬೇರು ಜಜ್ಜು, ನೀರು ಹೊಯ್ಯಿ ಎಂದು ಹೆಜ್ಜೆಹೆಜ್ಜೆಗೂ ವಕ್ತಾರನ ಅಪ್ಪಣೆಯಾಗಬೇಕು. ಕಡೆಗೆ ಒಬ್ಬೊಬ್ಬರದೇ ಹೆಸರು ಕೂಗುತ್ತಾರೆ. ಹೆಸರು ಕೇಳಿದವನು ಚಪ್ಪಾಳೆ ತಟ್ಟಿ ತಾನು ಕುಳಿತ ಸ್ಥಳವನ್ನು ತಿಳಿಸುತ್ತಾನೆ. ಚಿಪ್ಪು ಅವನ ಬಳಿಗೆ ಹೋಗುತ್ತದೆ. ಬಿರುದು ಪಡೆಯುವವನಿಗೆ ಈ ಕೂಗೇ ಸನ್ನದು. ಮಿಷನರಿಗಳು ಬರುವವರೆಗೆ ಟೋಂಗಾದಲ್ಲಿ ಬರವಣಿಗೆಯಿರಲಿಲ್ಲ. ಯಾರು ಯಾರಿಗಿಂತ ಹಿರಿಯರು, ಯಾವ ಮನೆತನ ಎಲ್ಲಿಂದ ಕವಲೊಡೆಯಿತು ಎಂಬ ದಾಖಲೆಯೆಲ್ಲ ಈ ವರ್ತುಲದಲ್ಲಿಯೇ ಇತ್ತು. 1806ರಲ್ಲಿ ಹಡಗನ್ನು ಕಳೆದುಕೊಂಡು ಅಲ್ಲಿ ಸೆರೆಸಿಕ್ಕಿ, ನಾಲ್ಕು ವರ್ಷ ಬಾಳಿದ ವಿಲಿಯಂ ಮೆರಿನರ್ ಎಂಬ ಇಂಗ್ಲಿಷ್ ಹುಡುಗ ಹೇಳಿದ್ದನ್ನು 1817ರಲ್ಲಿ ಪುಸ್ತಕವಾಗಿ ಅಚ್ಚುಮಾಡಿದರು. ಅದರಲ್ಲಿ ಈ ಕ್ರಮದ ವಿವರಣೆಯಿದೆ. ಇಂದಿಗೂ ಅದನ್ನು ಗುರುತು ಹಿಡಿಯಬಹುದು.

ಇಷ್ಟೇ ಆಗಿದ್ದರೆ ಇದು ದೊಡ್ಡವರ ದೊಡ್ಡಸ್ತಿಕೆಯ ಪ್ರದರ್ಶನವೆಂದು ಸುಮ್ಮನಾಗಬಹುದಿತ್ತು. ಆದರೆ ಕಾವಾ ಹುಟ್ಟಿದ ಬಗೆಗೆ ಅಲ್ಲಿನವರು ಹೇಳುವ ಕಥೆ ಬೇರೆಯೇ ಮಾತನ್ನಾಡುತ್ತದೆ. ಕ್ಷಾಮದ ಕಾಲ. ದೊರೆ ಒಂದು ಸಣ್ಣ ದ್ವೀಪಕ್ಕೆ ಬಂದಿಳಿದ. ಅಲ್ಲಿದ್ದ ಫೆವಂಗಾ ಮತ್ತು ಫೆಫಾಫಾ ಎಂಬ ಬಡ ದಂಪತಿಗಳ ಬಳಿ ಅವನಿಗೆ ಉಣಿಸಲು ಏನೂ ಇರಲಿಲ್ಲ. ಇದ್ದವಳು ಒಬ್ಬಳೇ ಮಗಳು, ಕುಷ್ಠರೋಗಿ. ಅವಳನ್ನೇ ಕೊಂದು ನೆಲದೊಲೆಯಲ್ಲಿಟ್ಟರು. ಸಂಗತಿ ತಿಳಿದ ದೊರೆ ಒಲೆಯನ್ನು ತೆರೆಯಗೊಡದೆ, ಅದನ್ನೇ ಅವಳ ಸಮಾಧಿಯಾಗಿ ಬಿಡುವಂತೆ ಹೇಳಿ ಹೊರಟುಹೋದ. ಕೆಲವು ದಿನಗಳಲ್ಲಿ ಅಲ್ಲಿ ಎರಡು ಗಿಡ ಮೊಳೆತವು: ತಲೆಯ ಕಡೆ ಕಾವಾ, ಕಾಲಿನ ಕಡೆ ಕಬ್ಬು. ಒಂದು ಇಲಿ ಕಾವಾ ಕಡಿದು ತೂರಾಡಿತು. ಕಬ್ಬು ಕಡಿದು ಚೇತರಿಸಿಕೊಂಡಿತು. ಕಥೆಗೆ ಪಾಠಾಂತರಗಳು ಹಲವು. ನಮ್ಮ ಸಿರಿಯಾಳನ ಕಥೆ ಬಲ್ಲವರಿಗೆ ಇದರ ಮೊದಲರ್ಧ ಹೊಸದೆನಿಸದು. ಆದರೆ ಇಲ್ಲಿ ಮಗು ಮರಳಿ ಬರುವುದಿಲ್ಲ, ಗಿಡವಾಗಿ ಬರುತ್ತದೆ.

ವರ್ತುಲದ ತಲೆಯಲ್ಲಿ ಕುಳಿತ ದೊರೆಯ ಕೈಗೆ ಬರುವ ಚಿಪ್ಪಿನಲ್ಲಿ ಈ ಬಡವರ ಮಗಳಿದ್ದಾಳೆ. ಪ್ರಜೆ ಎಷ್ಟು ಕೊಡಬಲ್ಲ, ದೊರೆ ಯಾವುದನ್ನು ತೆಗೆದುಕೊಳ್ಳಬಾರದು ಎಂಬೆರಡೂ ಆ ಕಹಿಯಲ್ಲಿವೆ. ಮರೆತ ದೊರೆಗಳು ಇರಲಿಲ್ಲವೆಂದಲ್ಲ. ಸಾಮಾನ್ಯರು ಮುಖಂಡರಿಗೆ ಬಿಟ್ಟಿ ದುಡಿಯುತ್ತಿದ್ದ ಪದ್ಧತಿ ಕಾನೂನಿನಿಂದ ಕೊನೆಗೊಂಡದ್ದು 1862ರಲ್ಲಿ, ಮೊದಲನೆಯ ಜಾರ್ಜ್ ಟುಪೊ ಕಾಲದಲ್ಲಿ. ಕ್ರೈಸ್ತನಾಗಿ, 1875ರಲ್ಲಿ ಸಂವಿಧಾನವನ್ನೂ ಕೊಟ್ಟ ಆತ ಹಳೆಯ ದೇವರುಗಳನ್ನು ತೊರೆದರೂ ಕಾವಾ ಬಟ್ಟಲನ್ನು ತೊರೆಯಲಿಲ್ಲ. ಜಾಣತನವೆಂದೇ ನನ್ನ ಎಣಿಕೆ. ಕಾನೂನಿನ ಕಾಗದ ಹೊಸದು; ಅದಕ್ಕೆ ಒಪ್ಪಿಗೆ ಕೊಡಬೇಕಾದವರು ಕುಳಿತಿದ್ದುದು ಹಳೆಯ ವರ್ತುಲದಲ್ಲಿ.

ಸಾಮಾನ್ಯರ ಕಾವಾ ಕೂಟಕ್ಕೆ ಫೈಕಾವಾ ಎಂದು ಹೆಸರು. ಅಲ್ಲಿ ಇಷ್ಟು ಬಿಗುವಿಲ್ಲ. ಸಂಜೆ ಕಲೆತು, ರಾತ್ರಿ ಬಹಳ ಹೊತ್ತಿನವರೆಗೆ ಮಾತು, ಹಾಡು, ನಗೆ; ಬಟ್ಟಲಿನ ಬಳಿ ಕುಳಿತು ಬಡಿಸುವವಳು ಅನೇಕ ಕಡೆ ಒಬ್ಬ ತರುಣಿ. ಹೊಟ್ಟೆಪಾಡಿಗಾಗಿ ದೇಶ ಬಿಟ್ಟ ಟೋಂಗನ್ನರು ಬಹು ಮಂದಿ. ಆಕ್ಲೆಂಡ್, ಸಿಡ್ನಿ, ಅಮೆರಿಕದ ಸಾಲ್ಟ್ ಲೇಕ್ ಸಿಟಿಗಳಲ್ಲಿ ಅವರು ವಾರದ ದುಡಿಮೆ ಮುಗಿಸಿ ಬಟ್ಟಲಿನ ಸುತ್ತ ಕೂರುತ್ತಾರೆ. ಅಲ್ಲಿ ಹುಟ್ಟಿದ ಹುಡುಗರು ಹಿರಿಯರ ಮಾತನ್ನೂ ಹಾಡನ್ನೂ ಕಲಿಯುವುದು ಹೆಚ್ಚಾಗಿ ಅಲ್ಲಿಯೇ, ಚಿಪ್ಪು ತಮ್ಮ ಸರದಿಗೆ ಬರುವವರೆಗೆ ಕಾಯುತ್ತ.